ಸಗರನಾಡಿನ ಕಪ್ಪು ಆಡುಗಳು

ಸುರಪುರದ ನಾಯಕರ ಸಂಸ್ಥಾನವು 1860ರಲ್ಲಿ ನಿಜಾಮನ ಆಳ್ವಿಕೆಗೆ ಸೇರಿದಂದಿನಿಂದ ಸಗರನಾಡಿನ ಯಾದಗಿರಿ, ಶಹಾಪುರ, ಸುರಪುರಗಳು ಮರಾಠವಾಡದ ಉಸ್ಮಾನಾಬಾದಿನಂತೆಯೇ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದುದರಿಂದ, ಆ ಊರಿನ ಹೆಸರು ಹೊತ್ತ ಉಸ್ಮಾನಾಬಾದಿ ಆಡನ್ನು ಈ ಸೀಮೆಗೆ ಹೊರಗಿನದೆನ್ನಲಾಗದು. ಹೊಳೆಯುವ ಕಪ್ಪು ಮೈ ಮತ್ತು ಎತ್ತರದ ನಿಲುವಿನ ಈ ತಳಿಯ ನಿಜವಾದ ಹಿರಿಮೆಯೆಂದರೆ, ಜಾಲಿಯ ಸೊಪ್ಪು, ಕಾಯಿಗಳನ್ನು ತಿಂದು ಬಿರುಬೇಸಿಗೆಯನ್ನು ತಾಳಿಕೊಂಡೂ ಅನೇಕ ವೇಳೆ ಅವಳಿ ಮರಿಗಳನ್ನು ಈಯುವುದು.

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡು, ಕೃಷ್ಣೆಯ ನೀರು ಎಡದಂಡೆ ಕಾಲುವೆಗೆ ಹರಿದ ಮೇಲೆ ಸುರಪುರ, ಶಹಾಪುರಗಳ ಎಷ್ಟೋ ಎರೆಹೊಲಗಳು ಭತ್ತದ ಗದ್ದೆಗಳಾಗಿ ಮೇವಿನ ಬಯಲು ಕಿರಿದಾಯಿತು. ಆಡುಗಳನ್ನು ದೊಡ್ಡಿಯಲ್ಲೇ ಕೂಡಿಹಾಕಿ ಮೇವುಣಿಸಿ ಮಾರಾಟಕ್ಕೆ ಬೆಳೆಸುವ ಕೊಟ್ಟಿಗೆ ಸಾಕಣೆಗೆ ಇದೂ ಒಂದು ಕಾರಣ. ಇಂಥ ಸಾಕಣೆಯಲ್ಲಿ ತಳಿಯ ಅಳಿವು-ಉಳಿವು ಹೋತದ, ಅಂದರೆ ಗಂಡಾಡಿನ, ಆಯ್ಕೆಯನ್ನೇ ಅವಲಂಬಿಸಿದೆ. ಚೆನ್ನಾಗಿ ಬೆಳೆದ ಹೋತಮರಿಯೇ ಮೊದಲು ಸಂತೆಗೆ ಹೋದರೆ ಉಳಿದ ಬಡಕಲು ಹೋತವೇ ಮಂದೆಗೆ ತಂದೆಯಾಗುತ್ತದೆ. ಅದನ್ನೇ ವರ್ಷಗಟ್ಟಲೆ ಇಟ್ಟುಕೊಂಡರೆ ರಕ್ತಸಂಬಂಧಿಗಳ ಕೂಡುವಿಕೆಯಾದ ಒಳಸಂಕರದಿಂದ ಮರಿಗಳು ಸೊರಗುತ್ತವೆ. ದೊಡ್ಡ ಮೈಯ ಹೊರತಳಿಗಳಿಗೆ ಮರುಳಾಗುವ ಮೊದಲು ಸಾಕಣೆದಾರರು ಅವಳಿಯಾಗಿ ಹುಟ್ಟಿದ ಒಳ್ಳೆಯ ಹೋತಮರಿಯೊಂದನ್ನು ಮಾರದೆ ಉಳಿಸಿಕೊಳ್ಳಬೇಕು, ಆಗಾಗ ಬೇರೆ ಊರಿನ ಹೋತದೊಡನೆ ಅದಲುಬದಲು ಮಾಡಿಕೊಳ್ಳಬೇಕು.