ಟುನೆಲೋವಾನಿ: ಒಂದು ಜೆಕ್ ಪದದ ಆರ್ಥಿಕ ಚರಿತ್ರೆ

ಸುರಂಗ ಕೊರೆಯುವುದು ಎಂಬ ಅರ್ಥದ ‘ಟುನೆಲೋವಾನಿ’ ಪದಕ್ಕೆ ಜೆಕ್ ಭಾಷೆಯಲ್ಲಿ 1990ರ ದಶಕದಲ್ಲಿ ಹೊಸದೊಂದು ಅರ್ಥ ಪ್ರಾಪ್ತವಾಯಿತು. ಕಂಪನಿಯೊಂದನ್ನು ನಡೆಸುವವರೇ ಅದರ ಸ್ವತ್ತನ್ನು ತಮ್ಮ ಬೇರೆ ಸಂಸ್ಥೆಗಳಿಗೆ ಒಳದಾರಿಯಿಂದ ಸಾಗಿಸಿ, ಷೇರುದಾರರಿಗೆ ಬರಿಯ ಕರಟವನ್ನು ಉಳಿಸುವುದೇ ಆ ಅರ್ಥ. 2000ದ ವೇಳೆಗೆ ಇದು ಅರ್ಥಶಾಸ್ತ್ರದ ಅಂತರರಾಷ್ಟ್ರೀಯ ಪರಿಭಾಷೆಗೂ ಸೇರಿತು. ಕಮ್ಯುನಿಸ್ಟ್ ಆಡಳಿತ ಕುಸಿದ ದೇಶಗಳಲ್ಲಿ ಮಾರುಕಟ್ಟೆಯನ್ನು ಕಟ್ಟಿದ ಬಗೆಯನ್ನು ಅರಿಯಲು ಈ ಪದ ಒಂದು ಮುಖ್ಯ ಆಕರವೆಂದು ನಾವು ಭಾವಿಸುತ್ತೇವೆ.

1989ರ ಕ್ರಾಂತಿಯ ನಂತರ ಜೆಕೊಸ್ಲೊವಾಕಿಯದ ಅರ್ಥಸಚಿವರಾದ ವಾತ್ಸ್ಲಾವ್ ಕ್ಲೌಸ್ ಅವರ ಮುಂದಿದ್ದ ಸಮಸ್ಯೆ ಸರಳವಾದುದಲ್ಲ. ಕಾರ್ಖಾನೆಗಳೆಲ್ಲ ಸರ್ಕಾರದವು, ಕೊಳ್ಳುವಷ್ಟು ಬಂಡವಾಳ ಪ್ರಜೆಗಳಲ್ಲಿಲ್ಲ. ಆದ್ದರಿಂದ ವಯಸ್ಕ ಪ್ರಜೆಗಳಿಗೆ 1,035 ಕ್ರೌನ್‌ಗಳಿಗೆ ಒಂದು ಕೂಪನ್ ಪುಸ್ತಕ, ಅದರಲ್ಲಿ 1,000 ಅಂಕ. ಆ ಅಂಕಗಳಿಂದ ಷೇರುಗಳಿಗೆ ಬೇಡಿಕೆ ಸಲ್ಲಿಸಬೇಕು. ಮೊದಮೊದಲು ಜನ ಉದಾಸೀನರಾಗಿದ್ದರು. ಆಗ ವಿಕ್ಟರ್ ಕೊಝೆನಿ ಎಂಬ ಯುವಕನ ‘ಹಾರ್ವರ್ಡ್’ ನಿಧಿಯು, ಕೂಪನನ್ನು ತನಗೊಪ್ಪಿಸಿದವರಿಗೆ ಒಂದು ವರ್ಷದ ಬಳಿಕ ಹತ್ತುಪಟ್ಟು ಹಣ ಕೊಡುವುದಾಗಿ ಪ್ರಚಾರ ಮಾಡಿತು. (ಆ ಹೆಸರಿನ ವಿಶ್ವವಿದ್ಯಾಲಯದಲ್ಲಿ ಆತ ಓದಿದ್ದುದು ನಿಜ; ನಿಧಿಗೂ ಅದಕ್ಕೂ ಬೇರೆ ಸಂಬಂಧವಿರಲಿಲ್ಲ.) 1992ರ ಮೊದಲ ಸುತ್ತಿನಲ್ಲಿ ಸುಮಾರು 85 ಲಕ್ಷ ಜನ ಪಾಲ್ಗೊಂಡರು. ಅಂಕಗಳಲ್ಲಿ ಶೇಕಡಾ 70ಕ್ಕೂ ಹೆಚ್ಚು ಇಂಥ ನಿಧಿಗಳ ಕೈಸೇರಿದವು.

ದೊಡ್ಡ ನಿಧಿಗಳಲ್ಲಿ ಅನೇಕವನ್ನು ಸ್ಥಾಪಿಸಿದವು ಸರ್ಕಾರದ ಹಿಡಿತದಲ್ಲಿಯೇ ಇದ್ದ ಬ್ಯಾಂಕುಗಳು. ಹೀಗಾಗಿ ಸಾಲ ಕೊಡುವವನೂ ಒಡೆಯನೂ ಒಬ್ಬನೇ ಆದ ಸಂದರ್ಭಗಳು ಉಂಟಾದವು; ಹಳೆಯ ಒಡೆತನ ಹೊಸ ಅಂಗಿ ತೊಟ್ಟಿತೆಂದರೂ ತಪ್ಪಾಗದು. ಪ್ರಾಗ್ ಷೇರುಪೇಟೆ 1993ರ ಏಪ್ರಿಲಿನಲ್ಲಿ ವಹಿವಾಟು ಆರಂಭಿಸಿತು. ಆದರೆ ಅದರ ಮೇಲ್ವಿಚಾರಣೆಗೆಂದೇ ಪ್ರತ್ಯೇಕ ಆಯೋಗವೊಂದು ಕಾರ್ಯಾರಂಭ ಮಾಡಿದ್ದು 1998ರಲ್ಲಿ. ನಡುವಣ ಐದು ವರ್ಷಗಳೇ ಸುರಂಗದ ಕಾಲ. ನಿಧಿಗಳ ಮೇಲಿನ ನಿಯಮಗಳು ಬಿಗಿಯಾಗತೊಡಗಿದಾಗ ಹಲವು ನಿಧಿಗಳು ಸಾಮಾನ್ಯ ಕಂಪನಿಗಳಾಗಿ ರೂಪಾಂತರಗೊಂಡು ಆ ನಿಯಮಗಳಿಂದಲೇ ಹೊರಬಂದವು.

ಪಕ್ಕದ ಪೋಲೆಂಡಿನ ಕ್ರಮ ಬೇರೆ. ಅಲ್ಲಿ 1991ರಲ್ಲಿ ಷೇರು ವ್ಯವಹಾರದ ಕಾನೂನು ಮೊದಲು ಬಂದಿತು, ಅದರೊಂದಿಗೆ ಆಯೋಗವೂ ಬಂದಿತು. ಅದೇ ಏಪ್ರಿಲಿನಲ್ಲಿ ವಾರ್ಸಾ ಷೇರುಪೇಟೆ ಕೇವಲ ಐದು ಕಂಪನಿಗಳೊಂದಿಗೆ, ಹಿಂದಿನ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಕಚೇರಿಯಲ್ಲಿಯೇ ತೆರೆಯಿತು. ಕೂಪನ್ ಮಾದರಿಯ ವಿತರಣೆಗೆ ಪೋಲೆಂಡ್ ಕೈಹಾಕಿದ್ದು 1995ರಲ್ಲಿ. ಈ ವಿಳಂಬಕ್ಕೆ ವಿವೇಕಕ್ಕಿಂತ ರಾಜಕೀಯ ಜಗ್ಗಾಟವೇ ಹೆಚ್ಚು ಕಾರಣವೆಂಬುದನ್ನು ನಾವು ಮರೆಯುವಂತಿಲ್ಲ. ಆದರೂ ಫಲ ಫಲವೇ.

ಪ್ರಾಗ್ ಷೇರುಪೇಟೆ 1997ರಲ್ಲಿ ಕೊಳ್ಳುವವರೂ ಮಾರುವವರೂ ಇಲ್ಲದ ಸಾವಿರಕ್ಕೂ ಹೆಚ್ಚು ಷೇರುಗಳನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ಆ ವರ್ಷದ ಕೊನೆಯಲ್ಲಿ, ಪ್ರಧಾನಿಯಾಗಿದ್ದ ಕ್ಲೌಸ್ ತಮ್ಮ ಪಕ್ಷದ ದೇಣಿಗೆಗಳ ಹಗರಣದ ನಡುವೆ ರಾಜೀನಾಮೆಯಿತ್ತರು. ಕೊಝೆನಿ ಅದಕ್ಕೆ ಮೊದಲೇ ದೇಶ ಬಿಟ್ಟಿದ್ದ. 2010ರಲ್ಲಿ ಪ್ರಾಗಿನ ನ್ಯಾಯಾಲಯ ಆತನಿಗೆ ಹತ್ತು ವರ್ಷಗಳ ಸೆರೆವಾಸ ವಿಧಿಸಿದಾಗ ಆತ ಬಹಾಮಾ ದ್ವೀಪಗಳಲ್ಲಿದ್ದ.