ಹೈದರಾಲಿ ಮತ್ತು ದಂಡಿನ ಪಾದ್ರಿ ಷ್ವಾರ್ಟ್ಸ್

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಜನಿಸಿದ ಹೈದರಾಲಿಯು ಈಸ್ಟ್ ಇಂಡಿಯಾ ಕಂಪನಿಯವರ ಮಾತನ್ನು ನಂಬುತ್ತಿರಲಿಲ್ಲ. ಅವರ ಕಡೆಯಿಂದ ಬಂದೂ ಆತನ ವಿಶ್ವಾಸಕ್ಕೆ ಪಾತ್ರನಾದವನು ಕ್ರಿಶ್ಚಿಯನ್ ಫ್ರೆಡ್ರಿಕ್ ಷ್ವಾರ್ಟ್ಸ್ (1726-1798) ಎಂಬ ಜರ್ಮನ್ ಮಿಷನರಿ.

ಈತನು ತಿರುಚಿರಾಪಳ್ಳಿಯಲ್ಲಿ ಕಂಪನಿಯ ದಂಡಿನ ಪಾದ್ರಿಯಾಗಿದ್ದನು. ಅಲ್ಲಿ ಮದ್ದಿನ ಮನೆ ಸಿಡಿದು ಅನೇಕ ಸಿಪಾಯಿಗಳು ಮಡಿದಾಗ ಅವರ ಅನಾಥ ಮಕ್ಕಳಿಗಾಗಿ ಶಾಲೆಯನ್ನು ತೆರೆದನು.

1779ರಲ್ಲಿ ಮದರಾಸಿನ ಗವರ್ನರ್ ರಂಬೋಲ್ಡನು ಈತನನ್ನು ಶ್ರೀರಂಗಪಟ್ಟಣಕ್ಕೆ ಸಂಧಾನಕ್ಕೆಂದು ಕಳುಹಿಸಿದನು. ಅಲ್ಲಿದ್ದ ದಿನಗಳಲ್ಲಿ ಷ್ವಾರ್ಟ್ಸನು ಹೈದರನ ಸೈನ್ಯದಲ್ಲಿದ್ದ ಜರ್ಮನ್ ಮೊದಲಾದ ಐರೋಪ್ಯ ಸೈನಿಕರಿಗೆ ಡೇರೆಯೊಂದರಲ್ಲಿ ಪ್ರಾರ್ಥನೆಯನ್ನು ನಡೆಸಿದನು. ಹೈದರನು ಅದಕ್ಕೆ ಅಡ್ಡಿಪಡಿಸಲಿಲ್ಲ. ಹಿಂದಿರುಗುವಾಗ ದಾರಿವೆಚ್ಚಕ್ಕೆಂದು ಹೈದರನಿತ್ತ 300 ರೂಪಾಯಿಗಳನ್ನು ತಾನಿಟ್ಟುಕೊಳ್ಳದೆ, ತಂಜಾವೂರಿನಲ್ಲಿ ಇಂಗ್ಲಿಷ್ ಅನಾಥ ಮಕ್ಕಳ ಶಾಲೆಗೆ ಮೂಲಧನವಾಗಿಸಿದನು.

ಸಂಧಾನವು ಫಲಿಸಲಿಲ್ಲ. 1780ರಲ್ಲಿ ಹೈದರನ ಸೈನ್ಯವು ಕರ್ನಾಟಿಕ್ ಪ್ರಾಂತ್ಯವನ್ನು ಹೊಕ್ಕಿತು. ಆಗಲೂ ಈ ಪಾದ್ರಿಯ ಸಂಚಾರಕ್ಕೆ ತಡೆಯೊಡ್ಡಬಾರದೆಂದು ಆತನು ತನ್ನ ಅಧಿಕಾರಿಗಳಿಗೆ ಆಜ್ಞಾಪಿಸಿದನು. ಯುದ್ಧಕಾಲದ ಕ್ಷಾಮದಲ್ಲಿ ತಂಜಾವೂರಿನ ಹಸಿದವರಿಗೆ ಷ್ವಾರ್ಟ್ಸನು ಅಕ್ಕಿಯನ್ನು ಹಂಚಿದನು.

ದಂಡಿನ ಪಾದ್ರಿಯು ವೇತನ ಕೊಡುವ ಸರ್ಕಾರದ ಸೇವಕನೇ ಸರಿ. ಆದರೆ ಷ್ವಾರ್ಟ್ಸನ ಪ್ರಭಾವವು ಆ ಹುದ್ದೆಯಿಂದ ಬಂದುದಲ್ಲ. ಸತ್ತ ಸಿಪಾಯಿಯ ಮಗುವನ್ನೂ ಶತ್ರುಪಾಳೆಯದ ಸೈನಿಕನನ್ನೂ ಸಮನಾಗಿ ಕಂಡ ನಡತೆಯಿಂದ ಬಂದುದು. ಕಂಪನಿಯ ಕರಾರುಗಳು ಮುರಿದ ಮೇಲೂ ಉಳಿದುದು ಆ ನಡತೆಯ ಮೇಲಣ ನಂಬಿಕೆಯೇ.