ಅಂಗ, ಚೇತನ, ಶೇಕಡ: ವೈಕಲ್ಯ ಸಹಾಯಧನದ ಪರಿಭಾಷೆ

ಸಹಾಯಧನವನ್ನೋ ನಷ್ಟಪರಿಹಾರವನ್ನೋ ಕೋರಿ ಸರ್ಕಾರದ ಮುಂದೆ ನಿಲ್ಲುವ ವ್ಯಕ್ತಿಯ ಪಾಲಿಗೆ ಪರಿಭಾಷೆಯೆಂಬುದು ಕೇವಲ ನಿಘಂಟಿನ ವಿಷಯವಲ್ಲ. ಅರ್ಜಿಯಲ್ಲಿ ಒಂದು ಪದ ಪಲ್ಲಟವಾದರೆ ಅವನ ಅನ್ನಕ್ಕೇ ಸಂಚಕಾರ ಬರುತ್ತದೆ. ಕನ್ನಡದಲ್ಲಿ ನಾವು ಸಾಮಾನ್ಯವಾಗಿ ‘ಅಂಗವೈಕಲ್ಯ’ ಎಂಬ ಒಂದೇ ಮಾತಿನಿಂದ ಸೂಚಿಸುವ ಅರ್ಥಗಳು ಕಾನೂನಿನಲ್ಲಿ ಹಲವು. ಅವು ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಉದ್ದೇಶಗಳಿಂದ ಹುಟ್ಟಿದವು.

ಇವುಗಳಲ್ಲಿ ಹಳೆಯದು 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯದು. ಅಲ್ಲಿ ಅಳೆಯುವುದು ದೇಹವನ್ನಲ್ಲ, ದುಡಿಮೆಯನ್ನು. ತಾತ್ಕಾಲಿಕ ಸ್ವರೂಪದ ಭಾಗಶಃ ಅಶಕ್ತತೆಯೆಂದರೆ ಅಪಘಾತದ ಕಾಲದಲ್ಲಿ ಮಾಡುತ್ತಿದ್ದ ಉದ್ಯೋಗದಲ್ಲಿ ಗಳಿಕೆಯ ಶಕ್ತಿ ಕುಂದುವುದು. ಶಾಶ್ವತ ಸ್ವರೂಪದ್ದೆಂದರೆ ಆಗ ಮಾಡಬಲ್ಲವನಾಗಿದ್ದ ಪ್ರತಿಯೊಂದು ಉದ್ಯೋಗದಲ್ಲಿಯೂ ಅದು ಕುಂದುವುದು. ಕಾಯಿದೆಯ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14 ಎಂದಿರುವುದು ಬೆರಳಿನ ಬೆಲೆಯಲ್ಲ, ಗಳಿಕೆಯ ನಷ್ಟದ ಲೆಕ್ಕ. ಇದನ್ನು ‘ಭಾಗಶಃ ಅಂಗವೈಕಲ್ಯ’ ಎಂದು ಕನ್ನಡಿಸಿದೊಡನೆ ದುಡಿಮೆ ಮರೆಯಾಗಿ ಅಂಗವೇ ಮುಂದೆ ಬರುತ್ತದೆ. ‘ಪರಿಹಾರ’ ಎಂಬ ಪದದ ತೊಡಕೂ ಸಣ್ಣದಲ್ಲ. ಮಾಲೀಕನಿಂದ ಹಕ್ಕಾಗಿ ಬರಬೇಕಾದ ಹಣಕ್ಕೂ ಬರಗಾಲದಲ್ಲಿ ಸರ್ಕಾರ ಹಂಚುವ ನೆರವಿಗೂ ನಮ್ಮಲ್ಲಿ ಅದೇ ಮಾತು.

ಈ ವ್ಯತ್ಯಾಸದ ತೂಕವನ್ನು ಅರಿಯಲು 1975ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇತ್ಯರ್ಥಪಡಿಸಿದ ಒರಿಸ್ಸಾದ ಒಂದು ಪ್ರಕರಣವನ್ನು ನೋಡಬೇಕು. ಸಿನಿಮಾ ಮಂದಿರದಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು, ಅವನ ಎಡಗೈಯನ್ನು ಮೊಣಕೈಯ ಮೇಲೆ ಕತ್ತರಿಸಬೇಕಾಯಿತು. ಇದು ಭಾಗಶಃ ಅಶಕ್ತತೆ ಮಾತ್ರವೆಂದು ಮಾಲೀಕ ವಾದಿಸಿದ. ಒಂದೇ ಕೈಯಿಂದ ಬಡಗಿತನ ಸಾಧ್ಯವಿಲ್ಲವಾದುದರಿಂದ ಇದು ಸಂಪೂರ್ಣ ಅಶಕ್ತತೆಯೆಂದು ನ್ಯಾಯಾಲಯ ಎತ್ತಿಹಿಡಿಯಿತು.

ಎರಡನೆಯ ಪರಂಪರೆ 1995ರ ಕಾಯಿದೆಯಿಂದ ಆರಂಭವಾಗುತ್ತದೆ. ಅದು ಜಾರಿಗೆ ಬಂದುದು 1996ರ ಫೆಬ್ರವರಿ 7ರಂದು. ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿ, ವೈದ್ಯಕೀಯ ಪ್ರಾಧಿಕಾರ ಪ್ರಮಾಣೀಕರಿಸಿದ ಶೇ. 40ರ ಗೆರೆಯನ್ನು ಅದು ಎಳೆಯಿತು. ಅಂದರೆ ಅಳತೆ ಮತ್ತೆ ದೇಹಕ್ಕೆ ಮರಳಿತು. ಆದರೆ ಆ ಏಳರಲ್ಲಿ ಮಾನಸಿಕ ಅಸ್ವಸ್ಥತೆಯೂ ಬುದ್ಧಿಮಾಂದ್ಯವೂ ಇದ್ದವು; ‘ಅಂಗವಿಕಲ’ ಎಂಬ ಪದ ಅವರನ್ನು ಒಳಗೊಳ್ಳುವುದೇ ಕಷ್ಟ. ಕರ್ನಾಟಕದ ಆಡಳಿತದಲ್ಲಿ ಅನಂತರ ಬಳಕೆಗೆ ಬಂದ ‘ವಿಕಲಚೇತನ’ ಈ ಕೊರತೆಯನ್ನು ನೀಗಿತೆನ್ನಬಹುದೇ? ನನಗೇನೋ ಅದು ಹೆಚ್ಚು ಕಠೋರವಾದ ಪದವೆಂದೇ ತೋರುತ್ತದೆ. ಕಾಲಿಲ್ಲದವನ ಅಂಗದ ಊನವನ್ನು ಅದು ಚೇತನಕ್ಕೇ ಅಂಟಿಸುತ್ತದೆ. ‘ವಿಶೇಷಚೇತನ’ ಎಂಬ ರೂಪ ಹುಟ್ಟಿದುದಕ್ಕೆ ಈ ಮುಜುಗರವೂ ಕಾರಣವಿದ್ದೀತು.

ಹೊರನಾಡ ಕನ್ನಡಿಗರಿಗೆ ಈ ತೊಡಕು ಇಮ್ಮಡಿಯಾಗುತ್ತದೆ. ನಮ್ಮ ‘ಅಂಗವಿಕಲ’ ಹೈದರಾಬಾದಿನಲ್ಲಿ ಪದಗಳು ಹಿಂದುಮುಂದಾಗಿ ‘ವಿಕಲಾಂಗ’. ಚೆನ್ನೈಯಲ್ಲಿ ‘ಊನಮುಟ್ರೋರ್’ ಎಂಬುದನ್ನು ಬಿಟ್ಟು ‘ಮಾಟ್ರುತ್ತಿರನಾಳಿಗಳ್’ ಎಂಬುದು ಅಧಿಕೃತವಾಗಿದೆ. ದೆಹಲಿಯಲ್ಲಿ 1995ರ ಕಾಯಿದೆಯ ಹಿಂದಿ ಹೆಸರು ‘ನಿಃಶಕ್ತ’ ಎಂದಿತ್ತು; 2016ರದು ‘ದಿವ್ಯಾಂಗಜನ’ ಎನ್ನುತ್ತದೆ. ಹಣದ ಹೆಸರೂ ಹಾಗೆಯೇ. ಕರ್ನಾಟಕದಲ್ಲಿ ಅದು ‘ಮಾಸಾಶನ’, ಎಂದರೆ ತಿಂಗಳ ಊಟ. ಮುಂಬಯಿಯಲ್ಲಿ ಅದೇ ವ್ಯಕ್ತಿ ಸಂಜಯ ಗಾಂಧಿ ಯೋಜನೆಯ ‘ನಿರಾಧಾರ’ನಾಗಿ ‘ಅನುದಾನ’ ಪಡೆಯಬೇಕು. ಒಂದು ಪದ ಹಸಿವನ್ನು ನೋಡುತ್ತದೆ, ಇನ್ನೊಂದು ಅನಾಥತೆಯನ್ನು.

ಗೆರೆಗಳೂ ಒಂದೇ ಅಲ್ಲ. 1995ರ ಕಾಯಿದೆಗೆ ಶೇ. 40 ಸಾಕಾದರೆ, 2009ರ ಇಂದಿರಾ ಗಾಂಧಿ ರಾಷ್ಟ್ರೀಯ ವೈಕಲ್ಯ ಪಿಂಚಣಿ ಯೋಜನೆ ಶೇ. 80ನ್ನು ಕೇಳಿತು. ಪ್ರಮಾಣಪತ್ರ ಕೈಯಲ್ಲಿದ್ದೂ ಪಿಂಚಣಿ ದೊರೆಯದವರ ಗೊಂದಲಕ್ಕೆ ಇದೂ ಒಂದು ಮೂಲ.

2016ರ ಕಾಯಿದೆ ವೈಕಲ್ಯಗಳನ್ನು 21ಕ್ಕೆ ಏರಿಸಿದ್ದಲ್ಲದೆ, ವೈಕಲ್ಯವುಳ್ಳ ವ್ಯಕ್ತಿಯನ್ನೂ ಶೇ. 40 ದಾಟಿದ ‘ಬೆಂಚ್‌ಮಾರ್ಕ್’ ವೈಕಲ್ಯವುಳ್ಳವನನ್ನೂ ಬೇರ್ಪಡಿಸಿತು. ಮೀಸಲಾತಿ ಎರಡನೆಯವನಿಗೆ, ತಾರತಮ್ಯದಿಂದ ರಕ್ಷಣೆ ಇಬ್ಬರಿಗೂ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಪರೀಕ್ಷಾರ್ಥಿಯೊಬ್ಬನಿಗೆ, ಬೆಂಚ್‌ಮಾರ್ಕ್ ಮಿತಿಗೆ ಒಳಪಡದ ಕಾರಣ ಲಿಪಿಕಾರನನ್ನು ನಿರಾಕರಿಸಲಾಗಿತ್ತು. 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಎರಡು ಪದಗಳನ್ನು ಒಂದಾಗಿಸಿದ್ದೇ ತಪ್ಪೆಂದು ಹೇಳಿ ಅವನಿಗೆ ಲಿಪಿಕಾರನ ಹಕ್ಕನ್ನು ಮಾನ್ಯಮಾಡಿತು.